ಒರಕ್ಕೋಗ್ಬೇಕು

ಆ ಮನೆಗೆ ‘ಉತ್ತಮ’ ಅಂತ ಬರೆದು ಸಹಿ ಹಾಕಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಕೇಳಿದ ಮೇಲೆ ನೀವು ಕಂಡುಹಿಡಿದು ನನ್ನ ಮುಖಕ್ಕೆ ಹಿಡಿಯುವುದು ಬೇಡ.

ನನ್ನ ಹೆಸರು ಸರಳಾ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದು, ಕೊನೆಗೆ ವಾರ್ಡಿನ ದೊಡ್ಡ ಸಿಸ್ಟರ್ ಅನ್ನಿಸಿಕೊಂಡು ನಿವೃತ್ತಳಾದೆ. ಹೆಸರಿಗೆ ಮಾತ್ರ ಸರಳಾ ಅಂತ ವಾರ್ಡ್ ಬಾಯ್‌ಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಯಲಹಂಕದ ಪುಟ್ಟೇನಹಳ್ಳಿಯಲ್ಲಿ ಮನೆ. ಬೆಳಿಗ್ಗೆ ಕೆರೆ ಸುತ್ತ ನಡೆದು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಹಾಯಾಗಿ ಇರಬಹುದಿತ್ತು. ಎರಡು ಸಾವಿರದ ಹದಿನೇಳರಲ್ಲಿ ವಯಸ್ಸಾದವರ ವಸತಿಮನೆಗಳನ್ನು ತಪಾಸಣೆ ಮಾಡುವ ಸಮಿತಿಗೆ ಬನ್ನಿ ಅಂದರು, ಸುಮ್ಮನೆ ಕೂರಲಾರದೆ ಹೂಂ ಅಂದೆ. ಸಮಿತಿ ಅಂದರೆ ಮೂರು ಜನ: ಇಲಾಖೆಯ ಅಧಿಕಾರಿ ಸುಬ್ರಮಣಿ, ನಾನು, ಮತ್ತು ಯಾವತ್ತೂ ಬಾರದ ಒಬ್ಬ ಡಾಕ್ಟರು.

ಚಿಕ್ಕಜಾಲದ ಈ ಮನೆ ಏರ್‌ಪೋರ್ಟ್ ರಸ್ತೆಯಿಂದ ಒಂದು ಫರ್ಲಾಂಗು ಒಳಗಿದೆ. ಮರೆವಿನ ಕಾಯಿಲೆಯವರಿಗೆಂದೇ ನಡೆಸುವ ಮನೆ. ಗೇಟಿನ ಮೇಲೆ ಇಂಗ್ಲಿಷಿನಲ್ಲಿ ಚಿನ್ನದ ಬಣ್ಣದ ಹೆಸರು, ಒಳಗೆ ಕನ್ನಡಿಯ ಹಾಗೆ ಹೊಳೆಯುವ ನೆಲ. ಮಾಲೀಕ ಪುನೀತ್, ಮೂವತ್ತರ ಆಸುಪಾಸಿನವನು. ಅವನ ಅಪ್ಪ ಅದೇ ಜಾಗದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದರಂತೆ. ಏರ್‌ಪೋರ್ಟ್ ಬಂತು, ದ್ರಾಕ್ಷಿ ಹೋಯಿತು, ಮೂರು ಮಹಡಿ ಎದ್ದಿತು. ಮೊದಲು ಪಿಜಿ ಮಾಡಿದ, ಹುಡುಗರು ಬರಲಿಲ್ಲ. ಆಮೇಲೆ ಮುದುಕರನ್ನು ತಂದು ತುಂಬಿದ. ಮುದುಕರು ಊಟ ಚೆನ್ನಾಗಿಲ್ಲ ಅಂತ ತಿಂಗಳ ಕೊನೆಗೆ ಖಾಲಿ ಮಾಡಿಕೊಂಡು ಹೋಗುವುದಿಲ್ಲ ನೋಡಿ.

ಮಾರ್ಚ್‌ನಲ್ಲಿ ನಾವು ತಪಾಸಣೆಗೆ ಹೋದದ್ದು ಹೇಗೆ ಅಂದರೆ, ಎರಡು ದಿನ ಮೊದಲೇ ಫೋನ್ ಮಾಡಿ. ಅದು ಪದ್ಧತಿಯಂತೆ. ಕಳ್ಳನಿಗೆ ಫೋನ್ ಮಾಡಿ ನಾಳೆ ಬರ್ತೀವಿ ಅನ್ನುವ ಪೊಲೀಸರನ್ನು ನಾನು ನೋಡಿಲ್ಲ. ಹೋದಾಗ ಬಿಸಿ ಬೋಂಡ, ಕಾಫಿ. ನಮ್ಮ ಫಾರಮ್ಮಿನಲ್ಲಿ ಅರವತ್ತನಾಲ್ಕು ಪ್ರಶ್ನೆಗಳು. ಇಳಿಜಾರು ದಾರಿ ಇದೆಯೆ, ಬೆಂಕಿ ಆರಿಸುವ ಸಿಲಿಂಡರ್ ಎಷ್ಟು, ಅಡುಗೆಮನೆಯಲ್ಲಿ ಜಿರಲೆ ಉಂಟೆ, ಕ್ಯಾಮೆರಾ ಎಷ್ಟು. ಅಲ್ಲಿರುವ ಒಬ್ಬರನ್ನಾದರೂ ಮಾತಾಡಿಸಿದಿರಾ ಎಂಬ ಪ್ರಶ್ನೆ ಅರವತ್ತನಾಲ್ಕರಲ್ಲಿ ಒಂದೂ ಇಲ್ಲ. ಸುಬ್ರಮಣಿ ಸಿಲಿಂಡರ್ ಎಣಿಸಿದರು. ಮೂರನೇ ಮಹಡಿಗೆ ಹೋಗೋಣ ಅಂದಾಗ ಲಿಫ್ಟ್ ಕೆಟ್ಟಿದೆ ಅಂದರು. ನನ್ನ ಮಂಡಿ ನೋವಿಗೆ ಅದು ಒಳ್ಳೆಯ ಸುದ್ದಿಯಾಗಿಯೇ ಕೇಳಿಸಿತು.

ಕೆಳಗಿನ ಮಹಡಿಯವರ ಫೈಲುಗಳನ್ನು ನಾನು ನೋಡಿದೆ. ಅದರಲ್ಲಿ ಒಂದು ಮುನಿಯಲ್ಲಮ್ಮನದು, ಎಪ್ಪತ್ತೆಂಟು ವರ್ಷ. ಇನ್‌ಚಾರ್ಜ್ ನರ್ಸ್ ಶಿಲ್ಪ ಚೆಂದದ ಇಂಗ್ಲಿಷಿನಲ್ಲಿ ಬರೆದಿದ್ದಳು: ‘ವಾಂಡರಿಂಗ್’, ಅಂದರೆ ಅಲೆದಾಟದ ಚಾಳಿ, ದಿನಕ್ಕೆ ಇಪ್ಪತ್ತು ಸಲ ಹೊರಗೆ ಹೋಗಬೇಕೆಂಬ ಹಟ, ಬಾಗಿಲಿಗೆ ನಂಬರ್ ಲಾಕ್ ಹಾಕಿದೆ, ಪರಿಸ್ಥಿತಿಯನ್ನು ಸುರಕ್ಷಿತವಾಗಿ ನಿಭಾಯಿಸಲಾಗುತ್ತಿದೆ. ಮುನಿಯಲ್ಲಮ್ಮ ಆಗ ಕತ್ತಿನ ತನಕ ಹೊದ್ದು ಮಲಗಿದ್ದರು. ಹಗಲು ಹನ್ನೊಂದು ಗಂಟೆಗೆ ಅಷ್ಟು ಗಾಢ ನಿದ್ದೆ ಯಾಕೆ ಅಂತ ನಾನು ಕೇಳಲಿಲ್ಲ. ಹತ್ತಿರದಲ್ಲೇ ಲಾರಿ ಓಡುವ ರಸ್ತೆ ಇದೆ, ಲಾಕ್ ಹಾಕಿದ್ದು ಒಳ್ಳೆಯದೇ ಆಯಿತು ಅಂತ ಶಿಲ್ಪಳ ಬೆನ್ನು ತಟ್ಟಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಅಂದದ್ದೂ ಅದನ್ನೇ. ‘ಉತ್ತಮ’ ಅಂತ ಬರೆದು, ಸಹಿ ಹಾಕಿ, ಎರಡನೇ ಬೋಂಡ ತಿಂದು ಬಂದೆ.

ಜುಲೈನಲ್ಲಿ ನಮಗೆಲ್ಲ ಎರಡು ದಿನದ ತರಬೇತಿ ಇಟ್ಟರು. ಪಾಠ ಮಾಡಿದ ಹೆಂಗಸು ಒಂದೇ ಒಂದು ಕೆಲಸದ ಮಾತು ಹೇಳಿದಳು. ಕಟ್ಟಡ ನೋಡಬೇಡಿ, ಒಬ್ಬರನ್ನು ಆರಿಸಿಕೊಂಡು ಅವರ ಪಕ್ಕ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತುಕೊಳ್ಳಿ, ಐದೈದು ನಿಮಿಷಕ್ಕೆ ಅವರಿಗೆ ಏನಾಯಿತು, ಯಾರು ಮಾತಾಡಿಸಿದರು, ಅವರು ಏನಂದರು, ಬರೆಯಿರಿ ಅಂದಳು. ಸುಬ್ರಮಣಿ ಆಗ ತೂಕಡಿಸುತ್ತಿದ್ದರು. ನನಗೆ ಮಾತ್ರ ಆ ‘ಇಪ್ಪತ್ತು ಸಲ’ ನೆನಪಾಗಿ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡತೊಡಗಿತು. ಇಪ್ಪತ್ತು ಸಲ ಕೇಳುವ ಮುದುಕಿಯನ್ನು ಒಂದು ಸಲವಾದರೂ ಯಾಕಮ್ಮಾ ಅಂತ ಯಾರಾದರೂ ಕೇಳಿದ್ದಾರೆಯೆ? ನಾನಂತೂ ಕೇಳಿರಲಿಲ್ಲ.

ಹೋಗುತ್ತೇನೆ ಅಂದಾಗ ಸುಬ್ರಮಣಿ ಮೊದಲು ಅವರಿಗೆ ತಿಳಿಸಬೇಕು ಅಂದರು. ಸದಸ್ಯರು ಯಾವ ದಿನ ಬೇಕಾದರೂ ಹೋಗಬಹುದು ಅಂತ ನಮ್ಮ ಆದೇಶದಲ್ಲೇ ಇದೆ, ಬೇಕಾದರೆ ಓದಿ ಹೇಳಲೇ ಅಂದೆ. ಅವರು ಫೋನ್ ಇಟ್ಟರು. ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಚಿಕ್ಕಜಾಲದಲ್ಲಿ ಬಸ್ ಇಳಿದೆ.

ನನ್ನನ್ನು ಕಂಡು ಶಿಲ್ಪಳ ಮುಖ ಬಿಳಿಚಿಕೊಂಡಿತು. ಮುನಿಯಲ್ಲಮ್ಮನ ಪಕ್ಕ ಕೂರುತ್ತೇನೆ ಅಂದಾಗ ಅವಳು, ಇವತ್ತು ಸಂಜೆ ಐದಕ್ಕೆ ಅವರನ್ನು ಮೂರನೇ ಮಹಡಿಗೆ ಹಾಕುತ್ತಿದ್ದೇವೆ, ಮಗಳು ಬಂದು ಸಹಿ ಮಾಡುತ್ತಾರೆ ಅಂದಳು. ಯಾಕೆ ಅಂದೆ. ಹಟ ಜಾಸ್ತಿಯಾಗಿದೆ, ಕಿರುಚುತ್ತಾರೆ, ಪಾತ್ರೆ ಕದಿಯುತ್ತಾರೆ, ಉಳಿದವರಿಗೆ ತೊಂದರೆ ಅಂದಳು. ಮೂರನೇ ಮಹಡಿಯಲ್ಲಿ ಏನಿದೆ ಅಂತ ಆಯಾ ಜಾಹಿದಾಳನ್ನು ಬೇರೆಯಾಗಿ ಕರೆದು ಕೇಳಿದೆ. ಆರ್.ಟಿ. ನಗರದಿಂದ ಎರಡು ಬಸ್ ಬದಲಾಯಿಸಿ ಬರುವ, ಸೊಂಟಕ್ಕೆ ದುಪಟ್ಟಾ ಬಿಗಿದ ನಲವತ್ತರ ಹೆಂಗಸು. ಕೆಳಗಿನ ಹದಿನಾಲ್ಕು ಜನಕ್ಕೂ ಅವಳೊಬ್ಬಳೇ.

“ಮ್ಯಾಲೆ ಬರೀ ಮಂಚ ಮೇಡಂ,” ಅಂದಳು. “ಹತ್ತಿಸಿದವ್ರನ್ನ ಇಳಿಸಿದ್ದು ನಾನ್ ನೋಡಿಲ್ಲ.”

ಮುನಿಯಲ್ಲಮ್ಮ ಹಾಲ್‌ನ ಮೂಲೆಯಲ್ಲಿ, ಮುಂದೆ ಹಲಗೆ ಇರುವ ಕುರ್ಚಿಯಲ್ಲಿ ಕೂತಿದ್ದರು. ಹಲಗೆಗೆ ಚಿಲಕ. ಸೊಂಟದ ಸುತ್ತ ಹಳೆಯ ಸೀರೆಯ ಪಟ್ಟಿ, ಗಂಟು ಕುರ್ಚಿಯ ಬೆನ್ನ ಹಿಂದೆ. ಕೈಗೆ ಎಟುಕದ ಹಾಗೆ ಹಾಕಿದ ಗಂಟು ಅದು, ಹಸು ಕಟ್ಟುವವರಿಗೆ ಗೊತ್ತಿರುತ್ತದೆ. ಬಿಚ್ಚಿ ಅಂದೆ. ಬೀಳುತ್ತಾರೆ ಮೇಡಂ, ಮಗಳು ಒಪ್ಪಿ ಸಹಿ ಮಾಡಿದ್ದಾರೆ ಅಂತ ಶಿಲ್ಪ ಕಾಗದ ತೋರಿಸಿದಳು. ನಾನು ಹಲ್ಲು ಕಚ್ಚಿ ಕೂತೆ. ಮೊದಲು ನೋಡು, ಆಮೇಲೆ ಮಾತಾಡು ಅಂತ ತರಬೇತಿಯಲ್ಲಿ ಹೇಳಿದ್ದರು. ಆ ಬುದ್ಧಿಮಾತನ್ನು ಪಾಲಿಸಿದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಎಂಟು ಇಪ್ಪತ್ತೈದಕ್ಕೆ ಮುನಿಯಲ್ಲಮ್ಮ ನನ್ನ ಕಡೆ ತಿರುಗಿದರು. ಹಲ್ಲಿಲ್ಲದ ಬಾಯಿ, ಸಣ್ಣ ದನಿ. “ಒರಕ್ಕೋಗ್ಬೇಕು ಕಣವ್ವ,” ಅಂದರು.

ನಾನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದೆ: ‘8.25. ಹೊರಗೆ ಹೋಗಬೇಕೆಂದು ಕೇಳಿದರು.’

ಎಂಟೂವರೆಗೆ ಮತ್ತೆ ಅದೇ. ಜಾಹಿದಾ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಹೋಗುತ್ತಾ, ಆಯ್ತಜ್ಜಿ, ಮಗಳು ಬಂದ್ಮೇಲೆ ಹೋಗೋಣ, ಬಾಳೆಹಣ್ಣು ತಗೊಂಡು ಬರೋಣ ಅಂತ ಸಮಾಧಾನ ಹೇಳಿದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಬರೆದೆ: ‘8.30. ಹೊರಗೆ ಹೋಗಬೇಕೆಂದರು. ಆಯಾ ಪ್ರೀತಿಯಿಂದ ಉತ್ತರಿಸಿದರು.’ ಪ್ರೀತಿಯಿಂದ ಅಂತ ಬರೆದು ಅಡಿಗೆರೆ ಬೇರೆ ಎಳೆದೆ, ಶಾಲೆ ಮೇಷ್ಟ್ರ ಹಾಗೆ.

ಒಂಬತ್ತು ಗಂಟೆಗೆ ಉಪ್ಪಿಟ್ಟು ಬಂತು. ಪಕ್ಕದ ಅಜ್ಜನಿಗೆ ಸ್ಟೀಲ್ ಚೊಂಬಿನಲ್ಲಿ ನೀರು ಇಟ್ಟರು. ಮುನಿಯಲ್ಲಮ್ಮ ಹಲಗೆಯ ಮೇಲೆ ಬಾಗಿ, ಕೈ ಚಾಚಿ, ಆ ಚೊಂಬನ್ನು ಎಳೆದುಕೊಂಡು ಸೆರಗಿನ ಒಳಗೆ ಅವುಚಿಕೊಂಡರು. ಎಷ್ಟು ಹೇಳಿದರೂ ಬಿಡಲೊಲ್ಲರು. ಜಾಹಿದಾ ಬೆರಳು ಬೆರಳು ಬಿಡಿಸಿ ಕಿತ್ತುಕೊಂಡಳು, ನೀರೆಲ್ಲ ಇಬ್ಬರ ಮೈಮೇಲೆ ಚೆಲ್ಲಿತು. ಫೈಲಿನಲ್ಲಿ ಬರೆದ ಕಳ್ಳತನ ಇದೇ. ಈ ಚಾಳಿಗೇ ಅವರಿಗೆ ಸ್ಟೀಲ್ ಪಾತ್ರೆ ನಿಲ್ಲಿಸಿ ಪ್ಲಾಸ್ಟಿಕ್ ಲೋಟ ಕೊಡುತ್ತಿದ್ದಾರೆ ಅಂತ ಶಿಲ್ಪ ವಿವರಿಸಿದಳು. ಅದನ್ನೂ ಬರೆದುಕೊಂಡೆ.

ಒಂಬತ್ತೂ ನಲವತ್ತಕ್ಕೆ ಮುನಿಯಲ್ಲಮ್ಮ ಹಲಗೆಯನ್ನು ಎರಡೂ ಕೈಯಿಂದ ಬಡಿದು ಕೂಗಿದರು. “ಬುಡ್ರೋ ನನ್ನ, ಒರಕ್ಕೋಗ್ಬೇಕು.” ಹತ್ತಕ್ಕೆ ಶಿಲ್ಪ ಒಂದು ಮಾತ್ರೆ ತಂದಳು. ನಾನು ಚೀಟಿ ಕೇಳಿದೆ. ‘ಬೇಕಾದರೆ ಮಾತ್ರ’ ಅಂತ ಡಾಕ್ಟರು ಬರೆದಿದ್ದ ನಿದ್ದೆ ಮಾತ್ರೆ. ಏಳು ತಿಂಗಳಿಂದ ದಿನಾ ಹತ್ತು ಗಂಟೆಗೆ ಕೊಟ್ಟ ಗುರುತು ಸಾಲಾಗಿತ್ತು. ಮಾರ್ಚ್‌ನಲ್ಲಿ ನಾನು ಕಂಡ ಗಾಢ ನಿದ್ದೆ ಈ ಮಾತ್ರೆಯದು. ಯಾರಿಗೆ ಬೇಕಾದರೆ ಕಣಮ್ಮಾ ಅಂತ ಕೇಳಿದೆ. ಇವತ್ತು ಈ ಮಾತ್ರೆ ಬೇಡ, ಕಾರಣ ನಾನು ಬರೆದು ಸಹಿ ಮಾಡುತ್ತೇನೆ ಅಂದೆ. ಮೂವತ್ತಾರು ವರ್ಷದ ವಾರ್ಡ್ ದನಿಯಲ್ಲಿ ಹೇಳಿದ್ದಕ್ಕೋ ಏನೋ, ಸುಮ್ಮನೆ ವಾಪಸ್ ತೆಗೆದುಕೊಂಡು ಹೋದಳು.

ಆಮೇಲೂ ಕೇಳುತ್ತಲೇ ಇದ್ದರು. ಹತ್ತೂಕಾಲಿಗೆ, ಹತ್ತೂ ಇಪ್ಪತ್ತಕ್ಕೆ. ಹತ್ತೂವರೆಗೆ ನನ್ನ ಸೆರಗು ಹಿಡಿದು ಜಗ್ಗಿ ಕೇಳಿದರು. ನಾನು ಗಡಿಯಾರ ನೋಡಿ ಬರೆದೆ.

ಹತ್ತೂ ಮೂವತ್ತೈದಕ್ಕೆ ಕೇಳಲಿಲ್ಲ. ಸುಮ್ಮನಾದರು. ಮೈ ಒಂದು ಸಲ ಬಿಗಿದುಕೊಂಡಿತು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿ, ಸೆರಗನ್ನು ತಲೆಯ ಮೇಲಿಂದ ಕಣ್ಣಿನ ತನಕ ಎಳೆದುಕೊಂಡರು. ವಾಸನೆ ಬಂತು. ಸೆರಗಿನ ಒಳಗಿಂದ ಅಳು ಕೇಳಿಸಿತು.

“ಮಾನ ಓಯ್ತಲ್ಲವ್ವ,” ಅಂದರು. “ಎಷ್ಟ್ ಕಿತ ಯೋಳ್ದೆ ನಿಂಗೆ, ಒರಕ್ಕೋಗ್ಬೇಕು ಅಂತ.”

ನಾನು ಪೆನ್ನು ಕೆಳಗಿಟ್ಟೆ.

ನಾನು ಹುಟ್ಟಿದ್ದು ಬಾಗಲಗುಂಟೆಯಲ್ಲಿ, ಅದು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ. ನಮ್ಮಜ್ಜಿ ಬೆಳಕು ಹರಿಯುವ ಮುಂಚೆ ಚೊಂಬಿನಲ್ಲಿ ನೀರು ತುಂಬಿಕೊಂಡು, ಒರಕ್ಕೋಗಿ ಬತ್ತೀನಿ ಅಂತ ಹೇಳಿ ಕತ್ತಾಳೆ ಮೆಳೆಯ ಕಡೆ ಹೋಗುತ್ತಿದ್ದಳು. ಹಿಂದೆ ಹಿಂದೆ ನಾನೂ ಹೋಗುತ್ತಿದ್ದೆ. ನಮ್ಮ ಕಡೆ ಹೊರಕ್ಕೆ ಹೋಗುವುದು ಅಂದರೆ ಕಕ್ಕಸಿಗೆ ಹೋಗುವುದು. ಊರು ಸುತ್ತುವುದಲ್ಲ, ರಸ್ತೆಗೆ ಓಡುವುದಲ್ಲ. ಮಾನವಾಗಿ ಬದುಕಿದವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೆ ಈ ಮಾತು. ಅವರು ಕದ್ದದ್ದು ಚೊಂಬನ್ನಲ್ಲ, ಹೊರಕ್ಕೆ ಹೋಗಲು ಬೇಕಾದ ನೀರನ್ನು. ನೀರಿಲ್ಲದೆ ಹೋಗುವುದು ಹೇಗೆ?

ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದನ್ನು ನಾನೇ ಕಳೆದುಕೊಂಡಿದ್ದೆ. ನರ್ಸಿಂಗ್ ಶಾಲೆಗೆ ಸೇರಿದ ಮೊದಲ ವಾರ, ಒರಕ್ಕೋಗ್ಬೇಕು ಅಂತ ಕೇಳಿದ್ದಕ್ಕೆ ಇಡೀ ಹಾಸ್ಟೆಲ್ಲು ನಕ್ಕಿತ್ತು. ಅವತ್ತಿನಿಂದ ಬಾತ್‌ರೂಮ್ ಅಂತ ಕಲಿತೆ. ಎಷ್ಟು ಚೆನ್ನಾಗಿ ಕಲಿತೆ ಅಂದರೆ, ನಲವತ್ತು ವರ್ಷದ ಮೇಲೆ ಒಬ್ಬ ಮುದುಕಿ ನನ್ನ ಅಜ್ಜಿಯ ಮಾತನ್ನು ನನ್ನ ಕಿವಿಗೇ ಹೇಳಿದರೂ ನಾನು ಅದರ ತಪ್ಪು ತಿದ್ದಿ, ಪುಸ್ತಕದ ಕನ್ನಡ ಮಾಡಿ ಬರೆದುಕೊಂಡೆ. ನೋಟ್‌ಬುಕ್ ನೋಡಿದೆ. ಹನ್ನೊಂದು ಸಲ. ಹನ್ನೊಂದು ಸಲವೂ ಅಕ್ಷರ ಮುತ್ತಿನ ಹಾಗಿತ್ತು.

ನಾನೇ ಗಂಟು ಬಿಚ್ಚಿದೆ. ಜಾಹಿದಾಳೂ ನಾನೂ ಸೇರಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ತೊಳೆದೆವು. ಡಯಾಪರ್ ಬಿಚ್ಚಿದಾಗ ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣು. ಕೂತು ಕೂತು, ಒದ್ದೆಯಲ್ಲಿ ಬೆಂದು ಆದದ್ದು. ಮಾರ್ಚ್‌ನಲ್ಲಿ ನಾನು ಹೊದಿಕೆ ಎತ್ತಿ ನೋಡಿದ್ದರೆ ಬೆರಳಗಲ ಇರುತ್ತಿತ್ತೇನೋ. ಹೊರಕ್ಕೆ ಅಂದರೆ ಏನು ಅಂತ ಜಾಹಿದಾಗೆ ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತಳು. ನಮ್ಮ ಮನೆಯಲ್ಲಿ ಉರ್ದು, ಕನ್ನಡ ಬೀದಿಯಲ್ಲಿ ಕಲಿತದ್ದು, ಹೊರಗೆ ಅಂದರೆ ಹೊರಗೆ ಅಂತಲೇ ತಿಳಿದಿದ್ದೆ ಅಂದಳು. ದಿನಾ ಬಾಳೆಹಣ್ಣು ತರೋಣ ಅಂತಿದ್ನಲ್ಲ ಅಂತ ಅತ್ತಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹದಿನಾಲ್ಕು ಜನಕ್ಕೆ ಒಬ್ಬಳನ್ನು ಬಿಟ್ಟವನ ಮೇಲೆ ಬಂತು, ಪಿತ್ತ ನೆತ್ತಿಗೇರುವಷ್ಟು ಬಂತು. ಪುನೀತ್‌ನನ್ನು ಕರೆಸಿ ಅಂದೆ.

ಅವನು ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಅಷ್ಟರಲ್ಲಿ ಮುನಿಯಲ್ಲಮ್ಮ ಎರಡು ತುತ್ತು ಅನ್ನ ತಿಂದು, ಕಟ್ಟು ಇಲ್ಲದ ಕುರ್ಚಿಯಲ್ಲಿ ಮೆತ್ತೆ ಹಾಕಿಕೊಂಡು ಒಂದು ಮಗ್ಗುಲಿಗೆ ಒರಗಿದ್ದರು. ಬೀಳಲಿಲ್ಲ, ಓಡಲಿಲ್ಲ. ಅದನ್ನೂ ಐದೈದು ನಿಮಿಷಕ್ಕೆ ಬರೆದೆ.

ಪುನೀತ್ ಬಹಳ ಮರ್ಯಾದೆಯ ಹುಡುಗ. ಬನ್ನಿ ಮೇಡಂ, ಕಾಫಿ ಅಂದ. ಬೇಡ ಅಂದೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು ಹೋಗಿ, ರಿಸೆಪ್ಷನ್ ಗೋಡೆಯಿಂದ ಒಂದು ಫೋಟೋ ಕಟ್ಟು ತಂದು ನನ್ನ ಮುಂದೆ ಇಟ್ಟ. ಗಾಜಿನ ಒಳಗೆ ನಮ್ಮ ಮಾರ್ಚ್ ವರದಿ. ಕೆಳಗೆ ‘ಉತ್ತಮ’. ಅದರ ಕೆಳಗೆ ನನ್ನ ಸಹಿ.

“ನೀವೇ ಕೊಟ್ಟಿದ್ದಲ್ವಾ ಮೇಡಂ,” ಅಂದ. “ಇದನ್ನ ನೋಡಿನೇ ಜನ ಸೇರಿಸ್ತಾರೆ.”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವನು ನಿಲ್ಲಿಸಲಿಲ್ಲ. ಮೂವತ್ತೆರಡು ಕ್ಯಾಮೆರಾ ಹಾಕಿಸಿದ್ದಾನಂತೆ, ಎಲ್ಲಿದ್ದರೂ ಮೊಬೈಲಿನಲ್ಲಿ ಪ್ರತಿಯೊಬ್ಬರನ್ನೂ ನೋಡುತ್ತಿರುತ್ತಾನಂತೆ. ತೆಗೆದು ತೋರಿಸಿದ. ಕೈಯಗಲದ ಪರದೆಯಲ್ಲಿ ಮುನಿಯಲ್ಲಮ್ಮ ಬಾಯಿ ಆಡಿಸುತ್ತಿದ್ದರು. ದನಿ ಇರಲಿಲ್ಲ. ಮೂವತ್ತೆರಡು ಕಣ್ಣು ಇಟ್ಟಿದ್ದೀಯ, ಒಂದು ಕಿವಿ ಇಡಲಿಲ್ಲವಲ್ಲಪ್ಪ ಅಂದೆ. ಅಷ್ಟರಲ್ಲಿ ಸುಬ್ರಮಣಿ ನನ್ನ ಫೋನಿಗೆ ಕರೆ ಮಾಡಿದರು. ಪುನೀತ್ ಆಗಲೇ ಅವರಿಗೆ ಸುದ್ದಿ ಮುಟ್ಟಿಸಿದ್ದ. ಇದನ್ನು ದೊಡ್ಡದು ಮಾಡಬೇಡಿ, ಒಂದು ಸಲಹೆ ಅಂತ ಬರೆಯೋಣ, ಮೊದಲಿನ ವರದಿಯಲ್ಲಿ ನಿಮ್ಮ ಸಹಿಯೂ ಇದೆ ನೋಡಿಕೊಳ್ಳಿ ಅಂದರು. ನೋಡಿಕೊಂಡೇ ಕೂತಿದ್ದೇನೆ ಸಾರ್, ಗಾಜು ಹಾಕಿಸಿ ಇಟ್ಟಿದ್ದಾರೆ ಅಂತ ಹೇಳಿ ಕಟ್ ಮಾಡಿದೆ.

ಪುನೀತ್ ಕಡೆ ತಿರುಗಿ, ಇಲ್ಲಿ ದ್ರಾಕ್ಷಿ ತೋಟ ಇದ್ದ ಕಾಲದಲ್ಲಿ ನಿಮ್ಮಜ್ಜಿ ಬೆಳಿಗ್ಗೆ ಚೊಂಬು ಹಿಡಿದು ಹೊರಟಾಗ ಏನು ಹೇಳಿ ಹೋಗುತ್ತಿದ್ದರು ಅಂತ ಕೇಳಿದೆ. ಅವನು ಮೊದಲು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅರ್ಥವಾಯಿತು. ಮುಖದ ಮರ್ಯಾದೆಯೆಲ್ಲ ಇಳಿದು ಬರೀ ಹಳ್ಳಿ ಹುಡುಗನ ಮುಖ ಉಳಿಯಿತು. “ಒರಕ್ಕೋಗಿ ಬತ್ತೀನಿ ಅಂತ,” ಅಂದ, ಮೆಲ್ಲಗೆ. ಇದೇ ಮಣ್ಣಿನಲ್ಲಿ ಹುಟ್ಟಿದ ಮಾತು, ಇದೇ ಮಣ್ಣಿನ ಮೇಲೆ ಕಟ್ಟಿದ ಮನೆಯಲ್ಲಿ ಕಾಯಿಲೆಯ ಹೆಸರಾಗಿ ಫೈಲು ಸೇರಿತ್ತು. ಅವನು ಒಂದು ದಿನ, ಒಂದೇ ಒಂದು ದಿನ ಆ ಕುರ್ಚಿಯ ಪಕ್ಕ ಕೂತಿದ್ದರೆ ಸಾಕಿತ್ತು.

ನಾಲ್ಕೂವರೆಗೆ ಮಗಳು ರಮ್ಯ ಬಂದಳು. ಯಶವಂತಪುರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಾಳೆ, ಗಿರಾಕಿಗಳನ್ನು ಬಿಟ್ಟು ಓಡಿಬಂದಿದ್ದಳು. ಶಿಲ್ಪ ಅಭ್ಯಾಸಬಲದಿಂದ ಮೂರನೇ ಮಹಡಿಯ ಒಪ್ಪಿಗೆ ಕಾಗದವನ್ನು ಪೆನ್ನಿನ ಜೊತೆ ಮುಂದಿಟ್ಟಳು. ಅಮ್ಮ ರೋಡಿಗೆ ಓಡ್ತಾಳೆ ಅಂತ ಫೋನ್ ಮಾಡ್ತಾನೇ ಇದ್ರು, ಲಾರಿಗೆ ಸಿಕ್ಕಿದರೆ ಏನು ಗತಿ ಅಂತ ಕಟ್ಟೋದಕ್ಕೂ ಒಪ್ಪಿದೆ ಅಂತ ರಮ್ಯ ನನಗೆ ಹೇಳುತ್ತಿದ್ದಳು. ಅಮ್ಮ ನಿಜವಾಗಿ ಏನು ಕೇಳುತ್ತಿದ್ದಾರೆ ಅಂತ ಹೇಳಲು ನಾನು ಬಾಯಿ ತೆಗೆಯುವ ಮುಂಚೆ ಮುನಿಯಲ್ಲಮ್ಮನೇ ಎದ್ದು ಕೂತರು. ಮಗಳು ಅಂತ ಗುರುತು ಸಿಕ್ಕಿತೋ ಇಲ್ಲವೋ, ಅವಳ ಮೊಣಕೈ ಹಿಡಿದು ಹನ್ನೆರಡನೇ ಸಲ ಹೇಳಿದರು, “ಒರಕ್ಕೋಗ್ಬೇಕು ಕಣವ್ವ.”

ರಮ್ಯಳ ಕೈಯಲ್ಲಿ ಪೆನ್ನು ಹಾಗೇ ನಿಂತಿತು. ಅವಳು ನನ್ನನ್ನು ನೋಡಿದಳು, ಶಿಲ್ಪಳನ್ನು ನೋಡಿದಳು.

“ಇದಕ್ಕಾ?” ಅಂದಳು. “ಇದಕ್ಕಾ ಕಟ್ಟಿ ಹಾಕಿದ್ದು?”

ಅವಳೇ ಮುಂದುವರಿಸಿದಳು, ಯಾರಿಗೆ ಅಂತಲ್ಲದೆ. “ಮನೇಲಿದ್ದಾಗ ನಾನೇ ಬೈತಿದ್ದೆ. ಬಾತ್‌ರೂಮ್ ಅನ್ನಮ್ಮ, ಮಕ್ಕಳು ನಗ್ತಾರೆ ಅಂತ.”

ಆಮೇಲೆ ಕಾಗದವನ್ನು ಎರಡು ಮಾಡಿ, ನಾಲ್ಕು ಮಾಡಿ ಶಿಲ್ಪಳ ಕೈಗೇ ಕೊಟ್ಟಳು. ಅಡುಗೆಮನೆಗೆ ಹೋಗಿ ಕೈಗೆ ಸಿಕ್ಕ ಸ್ಟೀಲ್ ಚೊಂಬಿನಲ್ಲಿ ನೀರು ತುಂಬಿ ತಂದಳು. ಮುನಿಯಲ್ಲಮ್ಮ ಅದನ್ನು ನೋಡಿದ ಕೂಡಲೇ ಕುರ್ಚಿಯ ಕೈ ಹಿಡಿದು ತಾವೇ ಎದ್ದರು. ಹೊಳೆಯುವ ಟೈಲ್ಸಿನ ಬಾತ್‌ರೂಮ್ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಬಾಗಿಲಿಗೆ ಹೋಗಿ ನಿಂತರು. ಜಾಹಿದಾ ನಂಬರ್ ಒತ್ತಿ ತೆಗೆದಳು. ಹಿತ್ತಲಲ್ಲಿ ಹಳೆಯ ದ್ರಾಕ್ಷಿ ಚಪ್ಪರದ ನಾಲ್ಕು ಕಲ್ಲುಕಂಬ, ಅದರಾಚೆ ತೋಟದ ಆಳುಗಳಿಗೆ ಕಟ್ಟಿಸಿದ್ದ ಒಂದು ಹಳೇ ಕಕ್ಕಸು. ಮುನಿಯಲ್ಲಮ್ಮ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯನ್ನು ಮಗಳ ಹೆಗಲಿಗೆ ಕೊಟ್ಟು ನಡೆದರು. ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ನಾವು ನಾಲ್ಕು ಜನ ಹೆಂಗಸರು, ಸ್ವಲ್ಪ ದೂರದಲ್ಲಿ ಪುನೀತ್, ದೇವರ ಗುಡಿ ಬಾಗಿಲು ತೆಗೆಯುವುದನ್ನು ಕಾಯುವವರ ಹಾಗೆ ನಿಂತಿದ್ದೆವು.

ಬಂದರು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಕೈ ಉಜ್ಜಿ, ಉಳಿದ ನೀರಲ್ಲಿ ತೊಳೆದುಕೊಂಡರು. ಹಗುರಾದ ಮುಖ. ಖಾಲಿ ಚೊಂಬನ್ನು ನನ್ನ ಕೈಗೆ ಕೊಟ್ಟು ಹೇಳಿದರು, “ನೀನೂ ಓಗ್ಬಾ ಓಗವ್ವ. ಒತ್ತಾರೆಯಿಂದ ಒಂದೇ ಕಡೆ ಕುಂತಿದ್ದೀಯ.”

ನಿಜ. ಬೆಳಿಗ್ಗೆ ಎಂಟರಿಂದ ನಾನೂ ಹೋಗಿರಲಿಲ್ಲ. ಅದನ್ನು ಆ ಮನೆಯಲ್ಲಿ ಗಮನಿಸಿದ್ದು ಅವರೊಬ್ಬರೇ. ಏನೂ ನೆನಪಿರುವುದಿಲ್ಲ, ಏನೂ ತಿಳಿಯುವುದಿಲ್ಲ ಅಂತ ಫೈಲಿನಲ್ಲಿ ಬರೆಸಿಕೊಂಡವರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಒಳಗೆ ಬಂದು ಪುನೀತ್ ಕೈಯಲ್ಲಿ ಆ ಫೋಟೋ ಕಟ್ಟನ್ನು ಬಿಚ್ಚಿಸಿ, ‘ಉತ್ತಮ’ದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಬರೆದೆ: ‘ನಾನು ಈ ಮನೆಯನ್ನು ನೋಡದೆ ಸಹಿ ಹಾಕಿದ್ದೆ.’ ತಾರೀಖು ಹಾಕಿದೆ. ಇದಕ್ಕೆ ಇಲಾಖೆ ನನ್ನನ್ನು ಸಮಿತಿಯಿಂದ ತೆಗೆದರೆ ತೆಗೆಯಲಿ. ಮುನಿಯಲ್ಲಮ್ಮ ಕೆಳಗೇ ಇರುತ್ತಾರೆ, ಕಟ್ಟುವುದಿಲ್ಲ, ಇನ್ನಿಬ್ಬರು ಆಯಾಗಳನ್ನು ಸೋಮವಾರದೊಳಗೆ ಹಾಕುತ್ತೇನೆ ಅಂತ ಅವನ ಕೈಯಲ್ಲೂ ಬರೆಸಿಕೊಂಡೆ. ಅಲ್ಲಿಗೆ ಬಸ್ ಹತ್ತಬಹುದಿತ್ತು.

ಆದರೆ ಚೊಂಬು ಇನ್ನೂ ನನ್ನ ಕೈಯಲ್ಲೇ ಇತ್ತು. ಮೂರನೇ ಮಹಡಿಗೆ ಹೋಗಬೇಕು ಅಂದೆ. ಲಿಫ್ಟ್ ಕೆಟ್ಟಿದೆ ಮೇಡಂ ಅಂತ ಶಿಲ್ಪ ಅಂದಳು. ಮಾರ್ಚ್‌ನಿಂದ ಕೆಟ್ಟೇ ಇದೆಯಾ ಅಂತ ಕೇಳಿ ಮೆಟ್ಟಿಲು ಹತ್ತಿದೆ. ಒಂದೊಂದು ಮೆಟ್ಟಿಲಿಗೂ ಮಂಡಿ ಕಿರುಗುಟ್ಟಿತು, ಕಿರುಗುಟ್ಟಲಿ ಅಂದುಕೊಂಡೆ.

ಉದ್ದನೆಯ ಕೋಣೆ, ಎಳೆದ ಪರದೆ, ಹನ್ನೊಂದು ಮಂಚ. ಎಲ್ಲರೂ ಚಾವಣಿ ನೋಡುತ್ತಾ ಮಲಗಿದ್ದರು. ಯಾರೂ ಕಿರುಚುತ್ತಿರಲಿಲ್ಲ, ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಪ್ರತಿ ಮಂಚದ ಕಾಲಿಗೂ ಒಂದು ಫೈಲು. ಮೊದಲನೆಯದು ದೊಡ್ಡಮುನಿಯಮ್ಮ ಅನ್ನುವವರದು. ಹಳೆಯ ಪುಟದಲ್ಲಿ ಅದೇ ಇಂಗ್ಲಿಷ್: ವಾಂಡರಿಂಗ್, ಹೊರಗೆ ಹೋಗುವ ಹಟ. ಕೊನೆಯ ಪುಟದಲ್ಲಿ: ಎರಡು ವರ್ಷದಿಂದ ಮಾತಿಲ್ಲ, ಹಟವಿಲ್ಲ, ಸುಧಾರಣೆ ಕಂಡಿದೆ.

ಸುಧಾರಣೆ ಎಂಬ ಪದವನ್ನು ಎರಡು ಸಲ ಓದಿದೆ. ಆಮೇಲೆ ಅವರ ಮುಖದ ಹತ್ತಿರ ಬಗ್ಗಿ, ನಲವತ್ತು ವರ್ಷ ನಾಲಿಗೆಗೆ ಬರದಿದ್ದ ಮಾತಿನಲ್ಲಿ ಕೇಳಿದೆ. “ಒರಕ್ಕೋಗ್ಬೇಕಾ, ಅವ್ವ?”

ಅವರು ಚಾವಣಿಯಿಂದ ಕಣ್ಣು ಇಳಿಸಿ ಮೊದಲು ಚೊಂಬನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ತುಟಿ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು.

“ಊಂ,” ಅಂದರು.

ಹಿಂದಿನ ಮಂಚದಿಂದ ಯಾರೋ ನನ್ನ ಸೆರಗು ಹಿಡಿದರು. ನಾನು ಮೆಟ್ಟಿಲ ಕಡೆ ತಿರುಗಿ, ನೀರು ತಗೊಂಡು ಬಾ ಅಂತ ಜಾಹಿದಾಳನ್ನು ಕೂಗಿದೆ.